ಬನಹಟ್ಟಿಯ ದನಿ, ರಾಜಾಜಿನಗರದ ಕೋರ್ಟು

ಬೆಂಗಳೂರಿಗೆ ಬಂದ ಮೊದಲ ದಿನವೇ ನಾನು ಒಬ್ಬ ಹುಡುಗಿಯ ಮೂಗಿನಿಂದ ರಕ್ತ ಬರಿಸಿದೆ. ಬೇಕೆಂದು ಮಾಡಿದ್ದಲ್ಲ. ರಾಜಾಜಿನಗರದ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಬೆಳಗಿನ ಅಭ್ಯಾಸ ನಡೆದಿತ್ತು. ಚೆಂಡು ನನ್ನ ಕೈಯಲ್ಲಿತ್ತು. ರಿಂಗಿನ ಹತ್ತಿರ ನಿಂತಿದ್ದ ಎತ್ತರದ ಹುಡುಗಿ ತುಸು ಎಡಕ್ಕೆ ಹೋಗಿದ್ದರೆ ಅವಳ ಹಿಂದಿದ್ದವಳಿಗೆ ಚೆಂಡು ಸಲೀಸಾಗಿ ತಲುಪುತ್ತಿತ್ತು. "ಸರಿ, ಸರಿ" ಎಂದು ಕೂಗಿ ಚೆಂಡು ಬಿಟ್ಟೆ. ಅವಳು ನನ್ನತ್ತ ನೋಡಿ ತಲೆಯಾಡಿಸಿ ನಿಂತಲ್ಲೇ ನಿಂತಳು. ಚೆಂಡು ನೇರವಾಗಿ ಅವಳ ಮೂಗಿಗೆ ಬಡಿಯಿತು.

ಬಾಗಲಕೋಟೆ ಜಿಲ್ಲೆಯ ನಮ್ಮೂರು ಬನಹಟ್ಟಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದಾರಿಗೆ ಅಡ್ಡ ನಿಂತವರಿಗೆ 'ಸರಿ' ಎಂದರೆ ಅವರು ಪಕ್ಕಕ್ಕೆ ಹೋಗುತ್ತಾರೆ. ಇಲ್ಲಿ 'ಸರಿ' ಎಂದರೆ ಆಯಿತು, ಚೆನ್ನಾಗಿದೆ ಎಂದರ್ಥ. ನಾನು ಎರಡು ಸಲ ಹೇಳಿದ್ದರಿಂದ ತಾನು ಇನ್ನೂ ಚೆನ್ನಾಗಿ ನಿಂತಿದ್ದೇನೆ ಎಂದು ಅವಳು ತಿಳಿದಳು. ಅದೇ ಅಭ್ಯಾಸದಲ್ಲಿ ಇನ್ನೊಬ್ಬಳಿಗೆ ಚೆಂಡು ಎಸೆ ಎನ್ನಲು "ಒಗಿ" ಎಂದು ಕೂಗಿದೆ. ಅವಳು ಚೆಂಡು ಹಿಡಿದುಕೊಂಡು, "ಏನ್ ಒಗೀಬೇಕು, ಜೆರ್ಸಿನಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಮೂಗಿಗೆ ಹತ್ತಿ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದವಳೂ ನಕ್ಕಳು. ಅವಳ ಹೆಸರು ಶ್ರುತಿ, ಬಸವೇಶ್ವರನಗರದವಳು. ಮುಂದೆ ನನ್ನ ಆಟದ ದಾರಿ ಬದಲಿಸಿದವಳು ಅವಳೇ.

ಬ್ಯಾಸ್ಕೆಟ್‌ಬಾಲ್ ನೋಡದವರಿಗೆ ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನು ಪಾಯಿಂಟ್ ಗಾರ್ಡ್. ತಂಡದಲ್ಲಿ ಎಲ್ಲರಿಗಿಂತ ಗಿಡ್ಡ ಇರುವವಳು ಸಾಮಾನ್ಯವಾಗಿ ಅವಳೇ. ನಮ್ಮ ಕಡೆಯಿಂದ ಚೆಂಡನ್ನು ಪುಟಿಸುತ್ತ ಎದುರಾಳಿಯ ಅಂಗಳಕ್ಕೆ ಒಯ್ಯುವುದು, ಯಾರು ಎಲ್ಲಿಗೆ ಹೋಗಬೇಕು, ಯಾರು ಅಡ್ಡ ನಿಲ್ಲಬೇಕು, ಯಾರು ತಿರುಗಬೇಕು ಎಂದು ಓಡುತ್ತಲೇ ಕೂಗಿ ಹೇಳುವುದು ಅವಳ ಹೊಣೆ. ಕೈಗಿಂತ ಹೆಚ್ಚು ಬಾಯಿಯ ಕೆಲಸ. ಬಾಯಿ ನನಗೆ ಹುಟ್ಟಿನಿಂದಲೇ ಜೋರು. ನಮ್ಮ ಮನೆಯಲ್ಲಿ ಮಗ್ಗಗಳು ಬೆಳಗಿನಿಂದ ಖಟಪಟ ಎನ್ನುತ್ತಿದ್ದವು. ಅವ್ವನಿಗೆ ನೀರು ಬೇಕೆಂದು ಹೇಳುವುದಿದ್ದರೂ ಆ ಸದ್ದಿನ ಮೇಲೆ ಹೇಳಬೇಕಿತ್ತು. ಶಾಲೆಯ ಸಿಮೆಂಟು ಅಂಗಳದಲ್ಲಿ ಆಟ ಕಲಿಸಿದ ನಮ್ಮ ಪಿ.ಟಿ. ಮಾಸ್ತರರು ನನ್ನನ್ನು ಪಾಯಿಂಟ್ ಗಾರ್ಡ್ ಮಾಡಿದ್ದು ನನ್ನ ದನಿ ಕೇಳಿಯೇ.

ಹುಬ್ಬಳ್ಳಿಯಲ್ಲಿ ಒಂದು ಪಂದ್ಯಾವಳಿ ಆಡುವಾಗ ಬೆಂಗಳೂರಿನ ಸರ್ಕಾರಿ ಕಚೇರಿಯೊಂದರ ಕೋಚ್ ನನ್ನನ್ನು ನೋಡಿದರು. ಕ್ರೀಡಾ ಕೋಟಾದಲ್ಲಿ ಒಂದು ಜಾಗ ಇತ್ತು. ಬೆಳಿಗ್ಗೆ ಅಭ್ಯಾಸ, ಮಧ್ಯೆ ಟಪಾಲು ವಿಭಾಗದಲ್ಲಿ ಕೆಲಸ, ಸಂಜೆ ಮತ್ತೆ ಅಭ್ಯಾಸ. ನಮ್ಮ ದೇಶದಲ್ಲಿ ಈ ಆಟವನ್ನೇ ನಂಬಿ ಬದುಕುವ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಸಿಗುವ ದಾರಿ ಇದು. ನಾನು ಹೊರಟು ಬಂದೆ.

ಮೊದಲು ವಿಜಯನಗರದ ಒಂದು ಪಿ.ಜಿ.ಯಲ್ಲಿದ್ದೆ. ಅಲ್ಲಿ ಎಲ್ಲರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಊಟ ಮಾಡುತ್ತಿದ್ದರು. ಮಾತು ಬೇಕೆನಿಸಿದಾಗ ಭಾನುವಾರ ಅಲ್ಲೇ ಹತ್ತಿರದ ಖಾನಾವಳಿಗೆ ಹೋಗುತ್ತಿದ್ದೆ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಎಲ್ಲ ಇತ್ತು. ರೊಟ್ಟಿ ನಮ್ಮ ಮನೆಯದರಷ್ಟು ತೆಳ್ಳಗಿರಲಿಲ್ಲ, ಆದರೆ ನಾನು ಹೋಗುತ್ತಿದ್ದದ್ದು ರೊಟ್ಟಿಗಲ್ಲ. ಪಕ್ಕದ ಮೇಜಿನಲ್ಲಿ ಮುಧೋಳದವರೋ ಸಿಂದಗಿಯವರೋ ಡೆಲಿವರಿ ಹುಡುಗರು ಕೂತು ಗಟ್ಟಿಯಾಗಿ ಮಾತಾಡುತ್ತಿದ್ದರು. ಅದನ್ನು ಕೇಳುತ್ತ ನಿಧಾನವಾಗಿ ಉಣ್ಣುತ್ತಿದ್ದೆ. ಅವರ ಜೊತೆ ಮಾತಾಡಿದ್ದು ಕಡಿಮೆ.

ಆಮೇಲೆ ಮಲ್ಲತ್ತಹಳ್ಳಿಯಲ್ಲಿ ಗೌರಮ್ಮನವರ ಮನೆಯ ಮೇಲಿನ ಒಂದು ಕೋಣೆ ಸಿಕ್ಕಿತು. ಅವರದು ಆ ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಕೆರೆಯ ಏರಿಯ ಮೇಲೆ ಅವರ ಎಮ್ಮೆಗಳು ಮೇಯುತ್ತಿದ್ದ ಕಡೆ ಈಗ ಜನ ಬೂಟು ಹಾಕಿಕೊಂಡು ವಾಕಿಂಗ್ ಮಾಡುತ್ತಾರೆ. ಗೌರಮ್ಮ ಮಾತ್ರ ಈಗಲೂ ಮುಸ್ಸಂಜೆಗೆ ಬಾಗಿಲ ಮುಂದೆ ಕೂತು ಅವರೆಕಾಯಿ ಸುಲಿಯುತ್ತಾರೆ, ಹೋಗಿ ಬರುವವರನ್ನೆಲ್ಲ ವಿಚಾರಿಸುತ್ತಾರೆ. ನಾನು ಬಂದ ಹೊಸದರಲ್ಲಿ ಒಮ್ಮೆ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದರು.

"ಯಾಕವ್ವ, ದಿನಾ ನಿಮ್ಮಮ್ಮನ ಜೊತೆ ಫೋನಲ್ಲಿ ಜಗಳ ಆಡ್ತೀಯಾ? ಪಾಪ, ಹೆತ್ತೋಳು ಕಣವ್ವ."

"ಜಗಳ ಅಲ್ರಿ ಆಂಟಿ. ಏನ್ ಉಂಡೆ ಅಂತ ಹೇಳಾಕತ್ತಿದ್ದೆ."

ಅವರು ನಂಬಲಿಲ್ಲ. ಮರುದಿನ ಒಂದು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಇಟ್ಟುಕೊಂಡು ಮೇಲೆ ಬಂದರು. ಹುಡುಗಿ ಹಸಿವಿನಿಂದ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದರೋ ಏನೋ. ರೊಟ್ಟಿಯಂತೆ ಮುದ್ದೆಯನ್ನೂ ಅಗಿಯಲು ಹೋದೆ, ಅದು ಹಲ್ಲಿಗೆ ಮೆತ್ತಿಕೊಂಡಿತು. ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಎಂದು ಎದುರೇ ಕೂತು ಕಲಿಸಿದರು. ನಮ್ಮಲ್ಲಿ ಊಟ ಹಲ್ಲಿನ ಕೆಲಸ, ಇಲ್ಲಿ ಗಂಟಲಿನದು. ಕಲಿಯಲು ತುಂಬ ದಿನ ಬೇಕಾಗಲಿಲ್ಲ.

ಕೋರ್ಟಿನಲ್ಲಿ ಮಾತ್ರ ಕಲಿಕೆ ಮುಂದೆ ಸಾಗಲಿಲ್ಲ. ಮೂಗಿನ ಪ್ರಕರಣದ ನಂತರ ಕೋಚ್ ಸಾರ್ ನನ್ನನ್ನು ಕರೆದು, ಎಲ್ಲರಂತೆ ಇಂಗ್ಲಿಷಿನಲ್ಲೇ ಕೂಗು ಎಂದರು. ಲೆಫ್ಟ್, ಬ್ಯಾಕ್, ಟರ್ನ್, ಇಷ್ಟೇ ಸಾಕು ಅಂದರು. ಪದಗಳು ನನಗೆ ಗೊತ್ತಿದ್ದವು. ಆದರೆ ಓಡುತ್ತಿರುವಾಗ ಕಣ್ಣಿಗೆ ಖಾಲಿ ಜಾಗ ಕಂಡ ಕೂಡಲೇ ಬಾಯಿಗೆ ಬರುತ್ತಿದ್ದದ್ದು 'ಅತ್ತಾಗ ಸರಿ', 'ಹೊಳ್ಳ', 'ನಿಂದ್ರ'. ಅದನ್ನು ತಡೆದು, ಬದಲಿಸಿ ಹೇಳುವಷ್ಟರಲ್ಲಿ ಆ ಜಾಗ ಮುಚ್ಚಿಹೋಗುತ್ತಿತ್ತು. ಪಾಯಿಂಟ್ ಗಾರ್ಡ್ ಆದವಳ ಮಾತು ಒಂದು ಗಳಿಗೆ ತಡವಾದರೆ ಇಡೀ ತಂಡ ತಡವಾಗುತ್ತದೆ. ಮೊದಲ ಋತುವಿನಲ್ಲಿ ನಾನು ಹೆಚ್ಚು ಪಾಲು ಬೆಂಚಿನ ಮೇಲೇ ಕೂತಿದ್ದೆ. ಆಟದಿಂದ ಸಿಕ್ಕ ನೌಕರಿ, ಆಟವಿಲ್ಲದೆ ಕೂತರೆ ಉಳಿಯುತ್ತದೆಯೇ ಎಂಬ ಭಯ ಇತ್ತು. ಊರಿಗೆ ವಾಪಸ್ ಹೋಗುವ ಮಾತನ್ನು ಅವ್ವನ ಹತ್ತಿರ ಎತ್ತಿದ್ದೆ ಕೂಡ. ಅವಳು ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಫೋನು ಇಟ್ಟಳು.

ಆಗ ಒಂದು ದಿನ ಅಭ್ಯಾಸ ಮುಗಿದ ಮೇಲೆ ಶ್ರುತಿ ಬಂದು ನನ್ನ ಪಕ್ಕ ಕೂತಳು. ಅವಳಿಗೆ ನನ್ನ ಮೇಲೆ ಕನಿಕರವೇನೂ ಇರಲಿಲ್ಲ, ಅವಳಿಗೆ ಚೆಂಡು ಬೇಕಿತ್ತು.

"ನೀನು ನಿಮ್ಮೂರ ಭಾಷೇಲಿ ಕಿರುಚಿದಾಗ ಚೆಂಡು ಕರೆಕ್ಟಾಗಿ ಬರುತ್ತೆ ಕಣೇ," ಎಂದಳು. "ಇಂಗ್ಲಿಷಲ್ಲಿ ಹೇಳೋಕೆ ಹೋದ್ರೆ ಬರೋದೇ ಇಲ್ಲ. ಏನೇನ್ ಕಿರುಚ್ತೀಯಾ ಅಂತ ನಮಗೇ ಹೇಳ್ಕೊಡು. ನಾವೇ ಕಲಿತೀವಿ."

ಅದಾಗಿ ಕೆಲವು ವಾರ ಅಭ್ಯಾಸದ ಕೊನೆಗೆ ನಾನೇ ಮಾಸ್ತರಾದೆ. ಸರಿ ಎಂದರೆ ಜರುಗು. ಒಗಿ ಎಂದರೆ ಎಸಿ. ಹೊಳ್ಳ ಎಂದರೆ ತಿರುಗು. ನಿಂದ್ರ ಎಂದರೆ ನಿಂತ್ಕೋ. ಲಗೂ ಎಂದರೆ ಬೇಗ. ತಂಡದಲ್ಲಿ ತಮಿಳು ಮಾತಾಡುವ ಹುಡುಗಿಯೊಬ್ಬಳಿದ್ದಳು. ಬೆಂಗಳೂರಿನ ಕನ್ನಡ ಅಷ್ಟಕ್ಕಷ್ಟೇ ಬರುತ್ತಿದ್ದ ಅವಳು ಎಲ್ಲರಿಗಿಂತ ಮೊದಲು ಕಲಿತಳು. 'ಹೊಳ್ಳ' ಎಂಬ ಪದ ಅವಳಿಗೆ ಎಷ್ಟು ಹಿಡಿಸಿತೆಂದರೆ ಆಟೋದವರಿಗೂ ಎಡಕ್ಕೆ ಹೊಳ್ಳಿ ಎಂದೇ ಹೇಳುತ್ತಿದ್ದಳು. ಕೋಚ್ ಸಾರ್ ಮೊದಲು ತಲೆ ಕೆರೆದುಕೊಂಡರು. ಮುಂದಿನ ಪಂದ್ಯಾವಳಿಯಲ್ಲಿ ಕೇರಳದ ತಂಡವೊಂದಕ್ಕೆ ನಾವು ಏನು ಕೂಗುತ್ತಿದ್ದೇವೆ ಎಂದೇ ತಿಳಿಯದೆ ಹೋದಾಗ ಸುಮ್ಮನಾದರು. ನಾನು ಬೆಂಚಿನಿಂದ ಎದ್ದವಳು ಮತ್ತೆ ಕೂರಲಿಲ್ಲ. ಆಮೇಲಿನ ವರ್ಷಗಳೆಲ್ಲ ಅದೇ ತಂಡ, ಅದೇ ಜಾಗ. ರಾಜ್ಯ ತಂಡದ ಜೆರ್ಸಿಯನ್ನೂ ಹಾಕಿದೆ.

ಕೋರ್ಟಿನೊಳಗೆ ಬನಹಟ್ಟಿ ಉಳಿಯಿತು, ಹೊರಗೆ ಅದು ಮೆಲ್ಲಗೆ ಕರಗಿತು. ಕಚೇರಿಯಲ್ಲಿ, ಬಸ್ಸಿನಲ್ಲಿ, ತರಕಾರಿ ಗಾಡಿಯ ಮುಂದೆ 'ಹೋಗ್ತಾ ಇದೀನಿ', 'ಬರ್ತೀನಿ' ಎನ್ನತೊಡಗಿದೆ. ಯಾವಾಗ ಶುರುವಾಯಿತೋ ನನಗೇ ತಿಳಿಯದು. ತಿಳಿಸಿದ್ದು ಅವ್ವ.

"ಮಗ್ಗಲದಾಗ ಯಾರರ ಅದಾರೇನ?" ಎಂದು ಒಮ್ಮೆ ಫೋನಿನಲ್ಲಿ ಕೇಳಿದಳು. "ಹಿಂಗ್ಯಾಕ ಪಿಸುಪಿಸು ಮಾತಾಡಾಕತ್ತಿ?"

ನಾನು ಮಾಮೂಲಿನಂತೆಯೇ ಮಾತಾಡುತ್ತಿದ್ದೆ. ಗೌರಮ್ಮನವರಿಗೆ ಈಗ ನನ್ನ ಫೋನು ಜಗಳದಂತೆ ಕೇಳುತ್ತಿರಲಿಲ್ಲ. ಇಲ್ಲಿಗೆ ಸಾಕಾಗುವ ದನಿ ಅಲ್ಲಿಗೆ ತಲುಪುತ್ತಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕಪಕ್ಕದವರು 'ಬೆಂಗಳೂರಾಕಿ ಬಂದಳು' ಎನ್ನುತ್ತಿದ್ದರು. ಇಲ್ಲಿ ಕಚೇರಿಯಲ್ಲಿ ನಾನು ಇವತ್ತಿಗೂ 'ಆ ಉತ್ತರ ಕರ್ನಾಟಕದ ಹುಡುಗಿ'.

ಆ ಪಂದ್ಯ ಬಂದದ್ದು ನನ್ನ ಮೊಣಕಾಲು ನೋಯಲು ಶುರುವಾದ ವರ್ಷ. ರಾಜ್ಯಮಟ್ಟದ ಪಂದ್ಯಾವಳಿ ರಾಜಾಜಿನಗರದಲ್ಲೇ ಇತ್ತು. ಬಾಗಲಕೋಟೆ ಜಿಲ್ಲೆಯ ಹುಡುಗಿಯರ ತಂಡ ಬಂದಿತ್ತು. ಅವರಿಗೆ ಕಲಿಸಿದವರು ನಮ್ಮ ಹಳೆಯ ಪಿ.ಟಿ. ಮಾಸ್ತರರೇ. ಪಾಯಿಂಟ್ ಗಾರ್ಡ್ ದಾನೇಶ್ವರಿ ಎಂಬ ಹುಡುಗಿ, ನಾನು ಓದಿದ ಶಾಲೆಯವಳು. ಹಿಂದಿನ ದಿನ ಬಂದು ಕಾಲಿಗೆ ನಮಸ್ಕಾರ ಮಾಡಿ, ನಿಮ್ಮ ಫೋಟೋ ನಮ್ಮ ಸಾಲ್ಯಾಗ ಐತ್ರಿ ಎಂದಿದ್ದಳು. ನನಗೆ ಹೆಮ್ಮೆಯಾಗಿತ್ತು. ಗೆಲ್ಲುವುದು ಕಷ್ಟವಾಗುತ್ತದೆ ಎಂದು ಮನಸ್ಸಿಗೂ ಬಂದಿರಲಿಲ್ಲ.

ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ತಿಳಿಯಿತು. ನಾನು "ಸರಿ" ಎಂದ ಕೂಡಲೇ ಎದುರಾಳಿ ಹುಡುಗಿಯರು ಸರಿದು ಕಾಯುತ್ತಿದ್ದರು. "ಹೊಳ್ಳ" ಎಂದರೆ ಶ್ರುತಿಗಿಂತ ಮೊದಲು ಅವಳನ್ನು ತಡೆಯಲು ನಿಂತವಳು ಹೊಳ್ಳುತ್ತಿದ್ದಳು. ಬೇರೆಯವರಿಗೆ ನಮ್ಮ ಗುಟ್ಟಾಗಿದ್ದ ಮಾತು ಅವರಿಗೆ ಮನೆಯ ಮಾತು. ನಾವು ಹಿಂದೆ ಬಿದ್ದೆವು. ಮಧ್ಯಂತರದ ನಂತರವೂ ಹಿಂದೆಯೇ ಇದ್ದೆವು. ಕೋಚ್ ಸಾರ್ ಆಟ ನಿಲ್ಲಿಸಿ ಕರೆದರು. ಅವರು ಬೈಯಲಿಲ್ಲ.

"ನೀನು ಹೇಳೋದೆಲ್ಲ ಅವರಿಗೂ ಹೇಳ್ದಂಗೆ ಆಗ್ತಿದೆ," ಎಂದರು. "ಏನ್ ಮಾಡ್ತೀಯಾ ನೋಡು."

ಇಂಗ್ಲಿಷು ಆಗುವುದಿಲ್ಲ, ಅದು ನನಗೆ ಗೊತ್ತಿತ್ತು. ಮತ್ತೆ ಅಂಗಳಕ್ಕೆ ಇಳಿದು ಚೆಂಡು ತೆಗೆದುಕೊಂಡೆ. ಶ್ರುತಿಯ ಎಡಕ್ಕೆ ಜಾಗ ಕಂಡಿತು. "ಜರುಗೇ" ಎಂದೆ. ಯೋಚಿಸಿ ಹೇಳಿದ್ದಲ್ಲ, ಅದಾಗಿಯೇ ಬಂತು. ಶ್ರುತಿ ಜರುಗಿದಳು. ದಾನೇಶ್ವರಿ ನನ್ನ ಮುಖ ನೋಡಿದಳು. ಜರುಗುವುದು ಎಂದರೆ ನಮ್ಮ ಓಣಿಯಲ್ಲಿ ಪತ್ರಿಕೆಯ ಮಾತು. ಸಭೆ ಜರುಗುತ್ತದೆ, ಮದುವೆ ಜರುಗುತ್ತದೆ. ಅವಳಿಗೆ ಅರ್ಥವಾಗಲಿಲ್ಲ ಎಂದಲ್ಲ, ಅರ್ಥವಾಗುವುದು ಒಂದು ಗಳಿಗೆ ತಡವಾಯಿತು. ಅಷ್ಟು ಸಾಕಿತ್ತು. ಆಮೇಲೆ ಎಲ್ಲವೂ ಹಾಗೇ ಬಂತು. ತಿರುಗು ಕಣೇ, ನಿಂತ್ಕೋ, ಕೊಡು, ಬೇಗ ಬಾರೇ. ನನ್ನ ಬಾಯಿಗೆ ಈ ಮಾತು ಇಷ್ಟು ಬೇಗ ಬರುತ್ತದೆಂದು ಆವರೆಗೆ ನನಗೇ ಗೊತ್ತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ನಾವು ಸ್ವಲ್ಪದರಲ್ಲಿ ಗೆದ್ದೆವು.

ತಂಡದವರು ನನ್ನನ್ನು ಎತ್ತಿಕೊಂಡರು. ಕೆಳಗಿಳಿದ ಮೇಲೆ ಮಾಸ್ತರರ ಹತ್ತಿರ ಹೋದೆ. ಅವರು ಬೆನ್ನು ತಟ್ಟಿ, ಚಲೋ ಆಡಿದಿ ಎಂದರು. ಅವರ ಹಿಂದೆ ದಾನೇಶ್ವರಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಮೊದಲ ನೀವು ನಮ್ಮ ಮಾತಿನ್ಯಾಗ ಒದರಾಕತ್ತಿದ್ರಿ," ಎಂದಳು. "ಆಟದಾಗೂ ಖುಷಿ ಅನಸ್ತಿತ್ರಿ ಅಕ್ಕಾರ. ಆಮ್ಯಾಲ ನಮಗ ತಿಳೀಬಾರದಂತ ಬದಲಿ ಮಾಡಿದ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಆದದ್ದನ್ನು ಹೇಳಿದಳು, ಅಷ್ಟೇ. ಹೌದು ಎಂದೆ. ಅವತ್ತು ಸಂಜೆ ಮಲ್ಲತ್ತಹಳ್ಳಿ ಕೆರೆ ಸುತ್ತ ನಡೆದು ಬಂದೆ. ಗೆದ್ದ ಖುಷಿ ಇತ್ತು. ಸೋತವರ ಕಡೆಯವಳೂ ನಾನೇ ಎಂಬ ಭಾವನೆಯೂ ಇತ್ತು. ಎರಡೂ ಒಟ್ಟಿಗೆ ಇದ್ದವು, ಒಂದು ಇನ್ನೊಂದನ್ನು ಅಳಿಸಲಿಲ್ಲ.

ಕೆಲವು ದಿನಗಳ ನಂತರ ಕೋಚ್ ಸಾರ್ ಕರೆದು, ಆ ಬಾಗಲಕೋಟೆ ಹುಡುಗಿಯ ಬಗ್ಗೆ ಏನನ್ನಿಸುತ್ತೆ ಎಂದು ಕೇಳಿದರು. ಅವರು ಯಾಕೆ ಕೇಳುತ್ತಿದ್ದಾರೆ ಎಂದು ಗೊತ್ತಿತ್ತು. ನನ್ನ ಮೊಣಕಾಲಿಗೆ ಆಗಲೇ ಎರಡು ಸಲ ಪಟ್ಟಿ ಸುತ್ತಿಯಾಗಿತ್ತು. ಅವಳು ಬಂದರೆ ಬರುವುದು ನನ್ನ ಜಾಗಕ್ಕೆ. ನನಗಿಂತ ಲಗೂ ಅದಾಳ್ರಿ ಸಾರ್ ಎಂದೆ. ಹೇಳಿದ ಮೇಲೆ ಟಪಾಲು ವಿಭಾಗಕ್ಕೆ ಹೋಗಿ, ಊಟದ ಡಬ್ಬಿ ತೆರೆಯದೆ ಸಂಜೆಯ ತನಕ ಕೆಲಸ ಮಾಡಿದೆ.

ದಾನೇಶ್ವರಿ ಬಂದಳು. ಗೌರಮ್ಮ ನನ್ನ ಕೋಣೆಯಲ್ಲೇ ಇನ್ನೊಂದು ಮಂಚ ಹಾಕಿಸಿದರು. ನಾನು ಮೊದಲ ದಿನ ಪಟ್ಟದ್ದನ್ನು ಅವಳು ಪಡಲಿಲ್ಲ. ಅವಳು "ಸರಿ" ಎಂದರೆ ಶ್ರುತಿ ಸರಿಯುತ್ತಿದ್ದಳು, "ಒಗಿ" ಎಂದರೆ ಚೆಂಡು ಬರುತ್ತಿತ್ತು. ಬೆಂಗಳೂರಿನವರಿಗೆ ನಮ್ಮ ಮಾತು ಎಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ಅವಳಿಗೆ ಆಶ್ಚರ್ಯ. ಶ್ರುತಿ ಅವಳಿಗೆ ಕಾರಣ ಹೇಳಿದಳು, ನಾನು ಹೇಳಲಿಲ್ಲ. ಆ ಋತು ಮುಗಿಯುವ ಹೊತ್ತಿಗೆ ನಾನು ಆಟ ನಿಲ್ಲಿಸಿದೆ. ನೌಕರಿ ಉಳಿಯಿತು.

ಅದೇ ಬೇಸಿಗೆಯಲ್ಲಿ ಮಾಸ್ತರರು ಫೋನು ಮಾಡಿದರು. ದಾನೇಶ್ವರಿ ಹೋದ ಮೇಲೆ ಹುಡುಗಿಯರಿಗೆ ದಿಕ್ಕು ತೋಚುತ್ತಿಲ್ಲ, ತಮಗೂ ವಯಸ್ಸಾಯಿತು, ರಜೆ ಹಾಕಿ ಬಂದು ಕಲಿಸಿ ಹೋಗಬೇಕು ಎಂದರು. ಅವರ ಹುಡುಗಿಯನ್ನು ಇಲ್ಲಿಗೆ ಕರೆಸಿಕೊಂಡವಳು ನಾನು, ಇಲ್ಲ ಎನ್ನುವುದು ಹೇಗೆ. ಕಚೇರಿಯಲ್ಲಿ ರಜೆ ಕೇಳಿದೆ. ಕೋಚ್ ಸಾರ್ ನಕ್ಕು, ನಮ್ಮ ಮೇಲೇ ತಯಾರಿ ಮಾಡಿಸೋಕೆ ಹೋಗ್ತಿದೀಯಾ ಎಂದರು, ಆದರೂ ಸಹಿ ಮಾಡಿಸಿಕೊಟ್ಟರು.

ಬನಹಟ್ಟಿಯಲ್ಲಿ ಬಿಸಿಲು ಜೋರಿತ್ತು. ಇಲ್ಲಿ ಫ್ಯಾನು ಹಾಕಿದರೆ ಸಾಕೆನಿಸುವ ತಿಂಗಳಲ್ಲಿ ಅಲ್ಲಿ ಅಂಗಳ ಬರಿಗಾಲಿಗೆ ಸುಡುತ್ತದೆ. ನಾನು ಅರಿವಿಲ್ಲದೆ "ತಿರುಗು" ಎಂದಾಗಲೆಲ್ಲ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆಗ ಒಂದು ಯೋಚನೆ ಬಂತು. ಬೆಂಗಳೂರಿನ ಮಾತುಗಳನ್ನೆಲ್ಲ ಅವರಿಗೆ ಕಲಿಸಿದೆ. ಜರುಗು ಎಂದರೆ ಏನು, ಎಸಿ ಎಂದರೆ ಏನು, ಕೇಳಿದ ಕೂಡಲೇ ಕಾಲು ಏಳಬೇಕು. ಅಡುಗೆಮನೆಯಲ್ಲಿ ಅವ್ವನಿಗೂ ಕೆಲವು ಪದ ಬಾಯಿಪಾಠವಾದವು. ರಜೆ ಮುಗಿದು ನಾನು ಬ್ಯಾಗು ಕಟ್ಟುವಾಗ ಅವಳು, "ಇಲ್ಲೇ ಇದ್ದು ಕಲಸಬಾರದೇನ?" ಎಂದು ಒಮ್ಮೆ ಕೇಳಿದಳು. ನೋಡೋಣವ್ವಾ ಎಂದೆ. ಇವತ್ತಿಗೂ ನೋಡುತ್ತಲೇ ಇದ್ದೇನೆ.

ಆ ವರ್ಷ ರಾಜಾಜಿನಗರದ ಅದೇ ಕೋರ್ಟಿನಲ್ಲಿ ನಾನು ಜಿಲ್ಲೆಯ ಹುಡುಗಿಯರ ಬೆಂಚಿನಲ್ಲಿ ಮಾಸ್ತರರ ಪಕ್ಕ ಕೂತೆ. ಎದುರಿಗೆ ನನ್ನ ಕಚೇರಿಯ ತಂಡ, ಶ್ರುತಿ, ದಾನೇಶ್ವರಿ. ಶ್ರುತಿ ಬೂಟಿನ ದಾರ ಕಟ್ಟುತ್ತ, ಆ ಕಡೆ ಹೋಗಿ ಕೂತುಬಿಟ್ಟೆಯಲ್ಲೇ ಎಂದು ನಕ್ಕಳು. ನನ್ನ ಹುಡುಗಿಯರು ಎರಡೂ ಮಾತಿಗೆ ಸಿದ್ಧರಾಗಿದ್ದರು. ದಾನೇಶ್ವರಿಗೆ ಅದು ಬೇಗ ತಿಳಿಯಿತು. ಅವಳು ಆಮೇಲೆ ಬಾಯಿಯನ್ನೇ ತೆರೆಯಲಿಲ್ಲ. ಬೆರಳು ತೋರಿಸಿ, ಹುಬ್ಬು ಹಾರಿಸಿ, ಇಡೀ ಪಂದ್ಯವನ್ನು ಮೌನವಾಗಿ ಆಡಿಸಿದಳು. ಅದನ್ನು ಅವಳಿಗೆ ನಾನು ಕಲಿಸಿರಲಿಲ್ಲ. ನಮ್ಮ ಹುಡುಗಿಯರು ಕೊನೆಯವರೆಗೂ ಬಿಟ್ಟುಕೊಡದೆ ಆಡಿ ಸೋತರು. 'ನಮ್ಮ' ಎಂದು ಬರೆಯುವಾಗ ಪೆನ್ನು ತುಸು ನಿಂತಿತು, ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ಸಂಜೆ ಮೆಜೆಸ್ಟಿಕ್ಕಿನಿಂದ ಅವರ ಬಸ್ಸು. ನಾನೂ ದಾನೇಶ್ವರಿಯೂ ಕಳಿಸಲು ಹೋದೆವು. ಚೀಲಗಳನ್ನು ಮೇಲೆ ಇಡಲು ನಾನು ಒಳಗೆ ಹತ್ತಿದೆ. ಹುಡುಗಿಯರು ಕಿಟಕಿ ಪಕ್ಕದ ಒಂದು ಸೀಟು ಬಿಟ್ಟು ಕೂತಿದ್ದರು. ನಾನು ಅವರ ಜೊತೆಯೇ ಬರುತ್ತೇನೆಂದು ಅವರಲ್ಲಿ ಸಣ್ಣವಳೊಬ್ಬಳು ತಿಳಿದಿದ್ದಳು. ಕೂಡ್ರಿ ಅಕ್ಕಾರ ಎಂದು ಸೀಟು ಒರೆಸಿದಳು. ನಾನು ಕೂತೆ. ಸೋಲಿನ ಮಾತು ಯಾರೂ ಆಡಲಿಲ್ಲ, ಯಾರ ಮನೆಯಲ್ಲಿ ಏನು ಅಡುಗೆ ಇರುತ್ತದೆ ಎಂದು ಮಾತಾಡಿಕೊಂಡರು. ಕಂಡಕ್ಟರ್ ಬಂದು ತಲೆ ಎಣಿಸಿದರು.

"ಒಬ್ಬರು ಹೆಚ್ಚ ಅದಾರಲ್ರಿ," ಎಂದು ಮಾಸ್ತರರನ್ನು ಕೇಳಿದರು. "ಇಳಿಯೋರು ಯಾರು?"

ನಾನ್ರಿ ಎಂದು ಎದ್ದೆ. ಸಣ್ಣವಳು ನನ್ನ ಮುಖ ನೋಡಿದಳು, ಕಾಲು ಮಡಚಿ ದಾರಿ ಬಿಟ್ಟಳು.

ಕೆಳಗೆ ದಾನೇಶ್ವರಿ ಒಬ್ಬಳೇ ನಿಂತಿದ್ದಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿ ಹೋಗುವ ತನಕ ಇಬ್ಬರೂ ಕೈ ಬೀಸಿದೆವು. ಅವಳು ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡು, "ಮನಿಗಿ ಹೋಗೂಣ್ರಿ ಅಕ್ಕಾರ," ಎಂದಳು. ಯಾವ ಮನೆ ಎಂದು ನಾನು ಕೇಳಲಿಲ್ಲ. ಮೆಟ್ರೊ ಕಡೆ ನಡೆದೆವು.